ಘಟ್ಟದ ಕೆಳಗಿನ ಬಂದರು, ಮುಳುಗಿದ ಒಂದು ಹಡಗು



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನೀವೂ ಒಂದು ಲೇಖನ ಬರೆದುಕೊಡಲೇಬೇಕು ಅಂತ ಸಂಚಿಕೆ ಸಮಿತಿಯವರು ಪಟ್ಟು ಹಿಡಿದರು. ನಾನು ಓದಿರೋದು ಎಸ್.ಎಸ್.ಎಲ್.ಸಿ. ವರೆಗೆ. ಕೈಗೆ ನೇಗಿಲು ಒಗ್ಗಿದ ಹಾಗೆ ಪೆನ್ನು ಒಗ್ಗಿಲ್ಲ. ಸಂಘ ಬೆಳೆದು ಬಂದ ದಾರಿಯನ್ನು ಅಧ್ಯಕ್ಷರು ಬರೆದಿದ್ದಾರೆ, ಲೆಕ್ಕಪತ್ರದ ವಿಚಾರ ಕಾರ್ಯದರ್ಶಿಗಳು ಬರೆದಿದ್ದಾರೆ. ಹಾಗಾದರೆ ನಾನು ಒಂದು ಹಡಗಿನ ಚರಿತ್ರೆ ಬರೀತೀನಿ ಅಂದೆ. ಎಲ್ಲರೂ ನಕ್ಕರು. ‘ಹೇಮಾವತಿ ನಾಲೇಲಿ ಹಡಗು ಬಿಡ್ತೀಯೇನಪ್ಪಾ?’ ಅಂತ ಹಿರಿಯ ನಿರ್ದೇಶಕರೊಬ್ಬರು ಕೇಳಿದರು.

ಅವರು ಕೇಳಿದ್ದು ನ್ಯಾಯವೇ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕಿನವರಿಗೆ ಕೆರೆ ಗೊತ್ತು, ಹೊಳೆ ಗೊತ್ತು, ಕಡಲು ಗೊತ್ತಿಲ್ಲ. ನಾವು ಹತ್ತಿರದಿಂದ ಕಂಡ ಹಡಗು ಅಂದರೆ ಹರಿಗೋಲು. ಬಿದಿರಿನ ಬುಟ್ಟಿ ಹೆಣೆದು, ಹೊರಗೆ ಚರ್ಮ ಬಿಗಿದು, ಒಬ್ಬ ಅಂಬಿಗ ಹುಟ್ಟು ಹಾಕುತ್ತಿದ್ದ. ನಮ್ಮ ತಾತನ ಕಾಲದಲ್ಲಿ ರಾಗಿ ಮೂಟೆ, ಕುರಿ, ಮದುವೆ ದಿಬ್ಬಣ ಎಲ್ಲವೂ ಹೇಮಾವತಿಯನ್ನು ದಾಟುತ್ತಿದ್ದದ್ದು ಅದರಲ್ಲೇ. 1979ರಲ್ಲಿ ಗೊರೂರಿನ ಅಣೆಕಟ್ಟೆ ಮುಗಿಯಿತು, ಸೇತುವೆಗಳು ಬಂದವು, ಹರಿಗೋಲು ಹೋಯಿತು. ನಮ್ಮ ಕಡವಿನಲ್ಲಿ ಹುಟ್ಟು ಹಾಕುತ್ತಿದ್ದ ಅಂಬಿಗನ ಹೆಸರು ಏನು ಅಂತ ಕೇಳಿದರೆ ಇವತ್ತು ಊರಲ್ಲಿ ಒಬ್ಬರಿಗೂ ನೆನಪಿಲ್ಲ. ಈ ಮಾತು ಜ್ಞಾಪಕದಲ್ಲಿರಲಿ, ಕೊನೆಗೆ ಮತ್ತೆ ಬರುತ್ತೇನೆ.

ಬಂದರಿನಲ್ಲಿ ಕಂಡದ್ದು

2019ರ ಜನವರಿಯಲ್ಲಿ ನಾವು ಹನ್ನೆರಡು ಜನ ಸುಬ್ರಹ್ಮಣ್ಯ, ಧರ್ಮಸ್ಥಳ ಮುಗಿಸಿಕೊಂಡು ಮಂಗಳೂರಿಗೆ ಹೋಗಿದ್ದೆವು. ಅಲ್ಲಿ ಹಳೇ ಬಂದರು ಅಂತ ಇದೆ. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಸೇರಿ ಕಡಲಿಗೆ ಬೀಳುವ ಅಳಿವೆಯ ಒಳಗಡೆ ಇರುವ ಧಕ್ಕೆ ಅದು. ಮೀನಿನ ದೋಣಿಗಳೇ ಹೆಚ್ಚು. ಅವುಗಳ ಆಚೆ ನಾಲ್ಕೈದು ದೊಡ್ಡ ಮರದ ಹಡಗುಗಳು ಸಾಲಾಗಿ ನಿಂತಿದ್ದವು. ಹೊಟ್ಟೆ ಉಬ್ಬಿದ ಗಬ್ಬದ ಹಸು ಇದ್ದ ಹಾಗೆ, ಮುಂದೆ ಚೂಪು, ಹಿಂದೆ ಒಂದು ಮರದ ಕೋಣೆ, ನಡುವೆ ಒಂದು ಕಂಬ. ಹಮಾಲಿಗಳು ಹಲಗೆ ಮೇಲೆ ನಡೆದು ಸಿಮೆಂಟ್ ಮೂಟೆ ಇಳಿಸುತ್ತಿದ್ದರು. ಪಕ್ಕದ ಹಡಗಿಗೆ ಈರುಳ್ಳಿ, ಆಲೂಗೆಡ್ಡೆ, ಅಕ್ಕಿ, ಗ್ಯಾಸ್ ಒಲೆ, ಬೈಸಿಕಲ್, ಎರಡು ಬಾಗಿಲು ಚೌಕಟ್ಟು ಏರುತ್ತಿದ್ದವು.

ಆಲೂಗೆಡ್ಡೆ ಚೀಲ ಕಂಡ ಕೂಡಲೇ ನಮ್ಮವರೆಲ್ಲ ಅಲ್ಲೇ ನಿಂತರು. ವಯಸ್ಸಾದ ಹಮಾಲಿ ಒಬ್ಬರನ್ನು ‘ಇದು ಎಲ್ಲಿಗೆ ಹೋಗೋದು ಯಜಮಾನ್ರೇ?’ ಅಂತ ಕೇಳಿದೆ.

‘ಲಕ್ಷದ್ವೀಪಕ್ಕೆ ಮಾರಾಯ್ರೆ. ಅಲ್ಲಿ ತೆಂಗು, ಮೀನು ಬಿಟ್ಟರೆ ಎಂಥದೂ ಇಲ್ಲ. ಮನೆ ಕಟ್ಟುವ ಕಲ್ಲೂ ಇಲ್ಲಿಂದಲೇ ಹೋಗಬೇಕು’ ಅಂದರು.

‘ಕಬ್ಬಿಣದ ದೊಡ್ಡ ಹಡಗಲ್ಲಿ ಕಳಿಸಬಾರದಾ?’

‘ದೊಡ್ಡದು ಪಣಂಬೂರಿಗೆ ಬರ್ತದೆ. ಅದಕ್ಕೆ ಹತ್ತು ಚೀಲ ಬಟಾಟೆ ಬೇಡ. ಇದಕ್ಕೆ ಬೇಕು’ ಅಂದರು.

ಆ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹತ್ತು ಲೀಟರ್ ಹಾಲು ಹಾಕುವವನನ್ನು ದೊಡ್ಡ ವ್ಯಾಪಾರಿ ಮನೆ ಬಾಗಿಲಿಗೆ ಬಂದು ಕೇಳುವುದಿಲ್ಲ, ಸಂಘ ಕೇಳುತ್ತದೆ. ಆ ಮರದ ಹಡಗು ಅಲ್ಲಿ ಮಾಡುತ್ತಿದ್ದದ್ದೂ ಅದೇ ಕೆಲಸ. ಅಂದಿನಿಂದ ಸಿಕ್ಕ ಸಿಕ್ಕ ಪುಸ್ತಕ, ಪತ್ರಿಕೆ ನೋಡಿ, ತಿಳಿದವರನ್ನು ಕೇಳಿ ಗುರುತು ಹಾಕಿಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ನಮಗೂ ಆ ಬಂದರಿಗೂ ಇದ್ದ ನಂಟು

ಕಡಲು ಕಾಣದ ನಮಗೆ ಕಡಲಿನ ಋಣ ಇಲ್ಲ ಅಂದುಕೊಳ್ಳಬೇಡಿ. ಉಪ್ಪು ಎಲ್ಲಿಂದ ಬರುತ್ತಿತ್ತು? ತಾತ ಹೇಳುತ್ತಿದ್ದರು, ಸುಗ್ಗಿ ಮುಗಿದ ಮೇಲೆ ಗಾಡಿ ಕಟ್ಟಿಕೊಂಡು ಘಟ್ಟ ಇಳಿಯುತ್ತಿದ್ದರಂತೆ. ಅರಕಲಗೂಡು ಕಡೆಯವರು ಬಿಸಿಲೆ ಘಾಟಿ, ಹಾಸನದ ಕಡೆಯವರು ಸಕಲೇಶಪುರ ದಾಟಿ ಶಿರಾಡಿ ಕಡೆ. ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೋದವರು ಬರುವಾಗ ಉಪ್ಪು, ಒಣಮೀನು, ಕೊಬ್ಬರಿ ಎಣ್ಣೆ ತರುತ್ತಿದ್ದರು.

ಸಕಲೇಶಪುರದ ಹತ್ತಿರ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆ ಇದೆಯಲ್ಲ, ಶಾಲೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗುತ್ತಾರೆ. 1792ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ಕಟ್ಟಿಸಿದ್ದು ಮಂಗಳೂರಿನ ದಾರಿಯ ಕಾವಲಿಗೆ. ಬಂದರು ಕೈಯಲ್ಲಿದ್ದರೆ ರಾಜ್ಯಕ್ಕೆ ಮದ್ದುಗುಂಡು, ಕುದುರೆ, ವ್ಯಾಪಾರ ಎಲ್ಲ ಬರುತ್ತದೆ, ದಾರಿ ಕೈಬಿಟ್ಟರೆ ಬಂದರು ಇದ್ದೂ ಪ್ರಯೋಜನವಿಲ್ಲ. 1840ರ ದಶಕದಿಂದ ಮಂಜರಾಬಾದ್ ಸೀಮೆಯಲ್ಲಿ ದೊರೆಗಳು ಕಾಫಿ ತೋಟ ಹಾಕಿದರು. ಆ ಕಾಫಿ ಎತ್ತಿನ ಮೇಲೆ, ಗಾಡಿಯ ಮೇಲೆ ಘಟ್ಟ ಇಳಿದು ಕರಾವಳಿಗೆ ಹೋಗಿ ಹಡಗು ಹತ್ತುತ್ತಿತ್ತು.

ಇನ್ನು ನಮ್ಮ ಸೂರಿನ ಕಥೆ. ಹಳೇ ತೊಟ್ಟಿ ಮನೆ ಇರುವವರು ಒಂದು ಹೆಂಚು ತೆಗೆದು ಹಿಂದೆ ತಿರುಗಿಸಿ ನೋಡಿ, ಮಂಗಳೂರಿನ ಕಾರ್ಖಾನೆಯ ಮುದ್ರೆ ಇದ್ದರೂ ಇರಬಹುದು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಹೊಳೆ ದಂಡೆಯ ಜೇಡಿಮಣ್ಣು, ಘಟ್ಟದ ಸೌದೆ ಎರಡೂ ಹತ್ತಿರ ಇದ್ದವು. ಬೇಯಿಸಿದ ಹೆಂಚನ್ನು ಬೊಂಬಾಯಿಗೂ ಇತರ ಬಂದರುಗಳಿಗೂ ಹೊತ್ತವು ಹಾಯಿ ಹಡಗುಗಳು. ಹೆಂಚು ಭಾರವಾದ, ಅಗ್ಗದ, ಒಡೆಯುವ ಸಾಮಾನು. ಮೆತ್ತಗೆ ತೇಲುವ ಮರದ ಹಡಗಿಗೆ ಅದು ಹೇಳಿ ಮಾಡಿಸಿದ ಸರಕಾಗಿತ್ತು.

ಸುಮಾರು 900 ವರ್ಷ ಹಿಂದಿನ ಒಂದು ಪತ್ರ

ಬೇಲೂರಿನ ಚೆನ್ನಕೇಶವ ದೇವಸ್ಥಾನ ಪ್ರತಿಷ್ಠೆಯಾದದ್ದು 1117ರಲ್ಲಿ. ಅದಾದ ಹದಿನೈದು ವರ್ಷಕ್ಕೆ, ಅಂದರೆ 1132ರ ಸುಮಾರಿಗೆ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿಗೆ ಬಂದು ನೆಲೆಸಿದ. 1149ರವರೆಗೆ ಈ ಕಡೆ ಇದ್ದ. ಇಲ್ಲಿಂದ ಮೆಣಸು, ಕಬ್ಬಿಣ, ಹಿತ್ತಾಳೆ ಪಾತ್ರೆಗಳನ್ನು ಅರಬರ ಏಡನ್ ಪಟ್ಟಣಕ್ಕೆ ಕಳಿಸುತ್ತಿದ್ದ. ಅವನ ಪತ್ರಗಳು ಈಜಿಪ್ಟಿನ ಕೈರೋ ಪಟ್ಟಣದ ಒಂದು ಯಹೂದಿ ಪ್ರಾರ್ಥನಾ ಮಂದಿರದ ಕೋಣೆಯಲ್ಲಿ ನೂರಾರು ವರ್ಷ ಬಿದ್ದಿದ್ದು, ಆಮೇಲೆ ವಿದ್ವಾಂಸರ ಕೈಗೆ ಸಿಕ್ಕವು.

ಅದರಲ್ಲಿ ಏಡನ್‌ನಿಂದ ಅವನಿಗೆ ಬಂದ ಒಂದು ಪತ್ರದಲ್ಲಿ ಹಡಗು ಮುಳುಗಿದ ಸುದ್ದಿ ಇದೆ. ಕೆಂಪು ಸಮುದ್ರದ ಬಾಗಿಲು ಅನ್ನಬಹುದಾದ ಬಾಬೆಲ್ ಮಂಡೆಬ್ ಜಲಸಂಧಿಯ ಹತ್ತಿರ ಗಾಳಿಗೆ ಸಿಕ್ಕಿ ಹಡಗು ಹೋಯಿತು. ಮೆಣಸು ಒಂದು ಕಾಳೂ ಉಳಿಯಲಿಲ್ಲ. ಕಬ್ಬಿಣಕ್ಕೆ ಮುಳುಗಿ ತೆಗೆಯುವವರನ್ನು ಗೊತ್ತು ಮಾಡಿ ಕಳಿಸಿ ಅರ್ಧದಷ್ಟು ಎತ್ತಿಸಿದರು. ಇದಿಷ್ಟು ಅದರ ಸಾರಾಂಶ.

ನೋಡಿ, ಸುಮಾರು 900 ವರ್ಷದ ಹಿಂದೆ ಮುಳುಗಿದ ಹಡಗಿನ ನಷ್ಟ ಎಷ್ಟು, ಉಳಿದದ್ದು ಎಷ್ಟು ಅಂತ ನಮಗೆ ಇವತ್ತು ಗೊತ್ತು. ಯಾಕೆ? ಯಾರೋ ಒಬ್ಬ ಲೆಕ್ಕ ಬರೆದಿದ್ದ, ಇನ್ನೊಬ್ಬ ಆ ಕಾಗದವನ್ನು ಹರಿದು ಹಾಕಲಿಲ್ಲ.

ಹಗ್ಗದಿಂದ ಹೊಲಿದ ಹಡಗು

ಆ ಕಾಲದ ಹಡಗುಗಳಿಗೆ ಮೊಳೆ ಹೊಡೆಯುತ್ತಿರಲಿಲ್ಲ. ಹಲಗೆಗೆ ಅಂಚಿನಲ್ಲಿ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ನಾವು ಗೋಣಿಚೀಲ ಹೊಲಿದ ಹಾಗೆ ಹೊಲಿಯುತ್ತಿದ್ದರು. 1342ರ ಹೊತ್ತಿಗೆ ಮಂಗಳೂರಿನ ಮೇಲೆ ಹಾದು ಹೋದ ಇಬ್ನ್ ಬತೂತ ಎಂಬ ಪ್ರವಾಸಿ ಈ ಹೊಲಿದ ಹಡಗುಗಳ ಬಗ್ಗೆ ಬರೆದಿದ್ದಾನೆ. ಬಂಡೆಗೆ ತಾಗಿದರೆ ಮೊಳೆ ಹೊಡೆದದ್ದು ಸೀಳುತ್ತದೆ, ಹೊಲಿದದ್ದು ಬಳುಕಿ ತಡೆದುಕೊಳ್ಳುತ್ತದೆ ಅನ್ನುವುದು ಅದರ ಗುಟ್ಟು. ಪೋರ್ಚುಗೀಸರು ಬಂದ ಮೇಲೆ ಕಬ್ಬಿಣದ ಮೊಳೆಯ ಬಳಕೆ ಹೆಚ್ಚಿತು.

ಕರಾವಳಿಯಲ್ಲಿ ಈ ಹಡಗುಗಳಿಗೆ ಜಾತಿ ಜಾತಿ ಹೆಸರು. ಎರಡು ಮೂರು ಕೂವೆಮರ ಇದ್ದು ದೂರ ಹೋಗುವ ವೇಗದ ಹಡಗು ಪತ್ತೇಮಾರಿ. ಹೊಳೆ ಬಾಯಿಂದ ಸರಕು ಹೊರುವುದು ಮಂಜಿ. ಇನ್ನೂ ಸಣ್ಣದು ಮಚ್ವೆ. ಕೇರಳದ ಬೇಪೂರಿನಲ್ಲಿ ಕಟ್ಟುವ ದೊಡ್ಡದು ಉರು. ಕಟ್ಟಿಸುವ ಮೇಸ್ತ್ರಿಯ ಹತ್ತಿರ ನಕ್ಷೆ ಇರುವುದಿಲ್ಲ. ಅಳತೆ ಎಲ್ಲ ಅವನ ತಲೆಯಲ್ಲಿ, ಅವನ ಅಪ್ಪ ಕಲಿಸಿದ್ದು. ನಮ್ಮ ಕಡೆ ಗಾಡಿಯ ಚಕ್ರ ಮಾಡುತ್ತಿದ್ದ ಆಚಾರ್ರು ಕಣ್ಣಳತೆಯಲ್ಲೇ ಕೀಲು ಕೂರಿಸುತ್ತಿದ್ದರಲ್ಲ, ಹಾಗೆ.

ಮರ ಘಟ್ಟದ್ದು. ತೇಗ, ಹೆಬ್ಬಲಸು, ಹೊನ್ನೆ. ಕೂವೆಮರಕ್ಕೆ ಅಂತ ನೆಟ್ಟಗೆ ಬೆಳೆಯುವ ಸುರಹೊನ್ನೆ ಜಾತಿಯ ಮರ. ಇಂಗ್ಲಿಷರು ಇದನ್ನು ‘ಪೂನ್’ ಅಂತ ಕರೆದು, ಕೊಡಗು, ಕೆನರಾ ಘಟ್ಟದ ಕಾಡುಗಳಲ್ಲಿ ಹುಡುಕಿ ಹುಡುಕಿ ಕಡಿಸಿದರು. ಅಂದರೆ ನಮ್ಮ ಮಳೆಗೆ ಬೆಳೆದ ಮರ ಕಡಲಿನ ಮೇಲೆ ನಿಂತು ಗಾಳಿ ಹಿಡಿಯುತ್ತಿತ್ತು.

ಹಲಗೆ ಜೋಡಿಸಿದ ಸಂದಿಗೆ ಹತ್ತಿಯ ಬತ್ತಿ ತುರುಕಿ, ಎಣ್ಣೆ, ರಾಳ ಮೆತ್ತುತ್ತಾರೆ. ಹಡಗಿನ ಪ್ರಾಣ ಇರೋದು ಈ ಸಂದಿಯಲ್ಲಿ. ಬಿಸಿಲಿಗೆ ಮರ ಒಣಗಿದರೆ ಸಂದಿ ಬಿಡುತ್ತದೆ, ಅಲೆಗೆ ಮೈ ತಿರುಚಿದರೆ ಬತ್ತಿ ಕಳಚುತ್ತದೆ. ಅದಕ್ಕೇ ಮುಂಗಾರಿನಲ್ಲಿ ಕಡಲು ಮುಚ್ಚಿದಾಗ ಹಡಗನ್ನು ದಡಕ್ಕೆಳೆದು, ಮಡಲು ಹೊದಿಸಿ, ಹೊಸ ಬತ್ತಿ ಹಾಕಿ, ಎಣ್ಣೆ ಬಳಿದು ಮುಂದಿನ ಹಂಗಾಮಿಗೆ ತಯಾರು ಮಾಡುತ್ತಿದ್ದರು. ದುರಸ್ತಿಗೆ ಮುಖ ಮುರಿದರೆ ಕಡಲು ಲೆಕ್ಕ ಕೇಳುತ್ತದೆ.

ದ್ವೀಪದ ಹುರಿ, ಬಂದರಿನ ಅಕ್ಕಿ

ಈಗ ಲಕ್ಷದ್ವೀಪಕ್ಕೂ ನಮಗೂ ಇರುವ ಹಳೇ ಸಂಬಂಧ ಹೇಳುತ್ತೇನೆ, ಇದು ಬಹಳ ಜನಕ್ಕೆ ತಿಳಿಯದು. ಲಕ್ಷದ್ವೀಪದಲ್ಲಿ 36 ದ್ವೀಪ, ಜನ ಇರುವುದು ಹತ್ತರಲ್ಲಿ. ಉತ್ತರದ ಕಡೆ ಇರುವ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಇವಕ್ಕೆ ಅಮಿನದೀವಿ ದ್ವೀಪಗಳು ಅಂತ ಹೆಸರು. 18ನೇ ಶತಮಾನದ ಕೊನೆಗೆ ಇವು ಟಿಪ್ಪುವಿನ ಆಡಳಿತಕ್ಕೆ ಸೇರಿದವು. ನಾವೂ ಆ ದ್ವೀಪದವರೂ ಸ್ವಲ್ಪ ಕಾಲ ಒಂದೇ ಶ್ರೀರಂಗಪಟ್ಟಣಕ್ಕೆ ಕಂದಾಯ ಕಟ್ಟಿದವರು! 1799ರ ನಂತರ ಅವು ಕಂಪನಿ ಸರ್ಕಾರಕ್ಕೆ ಹೋಗಿ, ಮಂಗಳೂರಿನ ಕಲೆಕ್ಟರರ ಕೆಳಗೆ ಬಂದವು. 1956ರ ನವೆಂಬರ್ 1ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ ಇದ್ದವು.

ದ್ವೀಪದ ಹೆಂಗಸರು ತೆಂಗಿನ ಸಿಪ್ಪೆಯನ್ನು ನೀರಲ್ಲಿ ಕೊಳೆ ಹಾಕಿ, ಬಡಿದು, ನಾರು ತೆಗೆದು ಹುರಿ ಹೊಸೆಯುತ್ತಿದ್ದರು. ಗಂಡಸರು ‘ಓಡಂ’ ಎಂಬ ಹಾಯಿ ಹಡಗಿನಲ್ಲಿ ಅದನ್ನು ಮಂಗಳೂರು ಬಂದರಿಗೆ ತರುತ್ತಿದ್ದರು. ಆದರೆ ಹುರಿಯನ್ನು ಇಷ್ಟ ಬಂದವರಿಗೆ ಮಾರುವ ಹಾಗಿಲ್ಲ. ಸರ್ಕಾರದ ಉಗ್ರಾಣಕ್ಕೇ ಕೊಡಬೇಕು, ಸರ್ಕಾರ ಗೊತ್ತು ಮಾಡಿದ ಬೆಲೆಗೇ ಕೊಡಬೇಕು, ಅದಕ್ಕೆ ಬದಲು ಅಕ್ಕಿ ತೆಗೆದುಕೊಂಡು ಹೋಗಬೇಕು. ಪೇಟೆಯಲ್ಲಿ ಹುರಿಯ ಧಾರಣೆ ಏರಿದರೂ ಹೊಸೆದವಳಿಗೆ ಅದರ ಗಂಧ ಇಲ್ಲ. ಇನ್ನು ಕೊಬ್ಬರಿಯ ವ್ಯಾಪಾರ ಖಾಸಗಿ ವ್ಯಾಪಾರಿಗಳ ಕೈಯಲ್ಲಿತ್ತು. ಅವರು ಹಾಕಿದ್ದೇ ಅಳತೆ, ಬರೆದದ್ದೇ ಸಾಲ.

ನಮ್ಮ ಸಂಘ ಬರುವುದಕ್ಕೆ ಮುಂಚೆ ಹಾಲನ್ನು ಹೋಟೆಲಿನವರಿಗೆ ಹಾಕುತ್ತಿದ್ದ ಕಾಲ ನೆನಪಿರುವವರಿಗೆ ಇದು ಬೇರೆ ದೇಶದ ಕಥೆ ಅನ್ನಿಸಲಾರದು.

1956ರಲ್ಲಿ ದ್ವೀಪಗಳು ಕೇಂದ್ರಾಡಳಿತ ಪ್ರದೇಶ ಆದವು. 1962ರ ಹೊತ್ತಿಗೆ ದ್ವೀಪಗಳಲ್ಲಿ ಸಹಕಾರಿ ಸರಬರಾಜು ಮತ್ತು ಮಾರಾಟ ಸಂಘಗಳು ಶುರುವಾದವು. ಸಂಘವೇ ಕೊಬ್ಬರಿ ಕೊಳ್ಳುವುದು, ಸಂಘವೇ ಅಕ್ಕಿ, ಸಕ್ಕರೆ, ಬಟ್ಟೆ ತರಿಸಿ ಮಾರುವುದು. ವ್ಯಾಪಾರಿಯ ಅಳತೆಯಿಂದ ಆ ಜನ ಬಿಡಿಸಿಕೊಂಡದ್ದು ಸಹಕಾರ ಸಂಘದ ತಕ್ಕಡಿಯಿಂದ. ಆದರೆ ತಕ್ಕಡಿ ಒಂದಿದ್ದರೆ ಆಯಿತೇ? ತೂಗುವ ಅಕ್ಕಿ ಕಡಲು ದಾಟಿ ಬರಬೇಕಲ್ಲ. ಅದನ್ನು ಹೊತ್ತದ್ದರಲ್ಲಿ ಈ ಮರದ ಹಡಗುಗಳ ಪಾಲು ದೊಡ್ಡದು.

ಹಾಯಿ ಹೋಯಿತು, ಇಂಜಿನ್ ಬಂತು

ಹಳೇ ಬಂದರಿನ ಅಳಿವೆಯಲ್ಲಿ ಮರಳಿನ ದಿಬ್ಬ ಕಟ್ಟುತ್ತದೆ, ದೊಡ್ಡ ಹಡಗು ಒಳಗೆ ಬರಲಾಗದು. ಆದ್ದರಿಂದ ಹಿಂದೆ ಹಬೆ ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು, ಮಂಜಿಗಳು ಕಾಫಿ, ಗೇರುಬೀಜ, ಹೆಂಚನ್ನು ಅಲ್ಲಿಯವರೆಗೆ ಒಯ್ದು ಕೊಡುತ್ತಿದ್ದವು. ಆಮೇಲೆ ಪಣಂಬೂರಿನಲ್ಲಿ ಹೊಸ ಬಂದರು ತೋಡಿದರು. 1974ರ ಮೇ 4ರಂದು ಅದು ದೇಶದ ಪ್ರಮುಖ ಬಂದರುಗಳಲ್ಲಿ ಒಂಬತ್ತನೆಯದಾಯಿತು, 1975ರ ಜನವರಿ 11ರಂದು ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಹಾಸನದಿಂದ ಮಂಗಳೂರಿಗೆ ರೈಲು 1979ರಲ್ಲಿ ಬಂತು. ಲಾರಿ, ರೈಲು, ಕಬ್ಬಿಣದ ಹಡಗು ಮೂರೂ ಸೇರಿದ ಮೇಲೆ ಮಂಜಿಗಳಿಗೆ ಕೆಲಸ ಕಡಿಮೆಯಾಯಿತು.

ಉಳಿದ ಮರದ ಹಡಗುಗಳು ಹಾಯಿ ಮಡಚಿ ಡೀಸೆಲ್ ಇಂಜಿನ್ ಕೂರಿಸಿಕೊಂಡವು. ಸರ್ಕಾರದ ಕಡತದಲ್ಲಿ ಇವಕ್ಕೆ ಇವತ್ತಿಗೂ ‘ಮೆಕನೈಸ್ಡ್ ಸೈಲಿಂಗ್ ವೆಸೆಲ್’, ಅಂದರೆ ಯಂತ್ರ ಹಾಕಿದ ಹಾಯಿ ಹಡಗು ಅಂತಲೇ ಹೆಸರು. ಚುಟುಕಾಗಿ ಎಂ.ಎಸ್.ವಿ. ನಾನು ಬಂದರಿನಲ್ಲಿ ಕಂಡ ಆ ಒಂಟಿ ಕಂಬ ಹಾಯಿಯ ಕಾಲದ ಗುರುತು. ಗುಜರಾತಿನ ಮಾಂಡವಿ, ಸಲಾಯ ಕಡೆಯಲ್ಲಿ ಇಂತಹ ಹಡಗು ಇವತ್ತಿಗೂ ಹೆಚ್ಚು. ಇಂಜಿನ್‌ನಿಂದ ಅನುಕೂಲ ಆಯಿತು, ಗಾಳಿಗೆ ಕಾಯಬೇಕಾಗಿಲ್ಲ. ಆದರೆ ಇಂಜಿನ್ ಹಗಲೂ ರಾತ್ರಿ ಅದುರಿದರೆ ಸಂದಿಯೂ ಅದುರುತ್ತದೆ. ಇಂಜಿನ್ ಕೆಟ್ಟರೆ ನೀರೆತ್ತುವ ಪಂಪೂ ನಿಂತರೂ ನಿಂತೀತು. ಆಗ ಹಾಯಿ ಬಿಡಿಸಿ ಗಾಳಿ ಹಿಡಿಯುವ ವಿದ್ಯೆ ಗೊತ್ತಿದ್ದ ತಂಡೇಲರು ಮುದುಕರಾಗಿ ಹೋಗಿದ್ದಾರೆ.

ಸಲಾಮತ್

2025ರ ಮೇ ತಿಂಗಳ ನಡುವೆ ಡೇರಿಯಲ್ಲಿ ಸಂಜೆ ಹಾಲು ಅಳೆಯುವ ಹೊತ್ತಿಗೆ ಪತ್ರಿಕೆ ನೋಡುತ್ತಿದ್ದೆ. ಆಲೂಗೆಡ್ಡೆ ಬಿತ್ತನೆಯ ಕಾಲ, ಎಲ್ಲರ ಮಾತೂ ಬೀಜದ ಧಾರಣೆಯದೇ. ಒಂದು ಮೂಲೆಯಲ್ಲಿ ಮಂಗಳೂರಿನ ಸುದ್ದಿ ಇತ್ತು. ಎಂ.ಎಸ್.ವಿ. ಸಲಾಮತ್ ಎಂಬ ಸರಕು ಹಡಗು ಮುಳುಗಿತು, ಆರು ಜನರ ರಕ್ಷಣೆ.

ಆ ಹಡಗು ಮೇ 12ರಂದು ಮಂಗಳೂರು ಬಿಟ್ಟಿತ್ತು. ಹೊರಟದ್ದು ಕಡಮತ್ ದ್ವೀಪಕ್ಕೆ. ಹೊತ್ತದ್ದು ಸಿಮೆಂಟ್ ಮತ್ತು ಕಟ್ಟಡದ ಸಾಮಾನು. ಮೇ 14ರ ಬೆಳಗಿನ ಜಾವ ಐದೂವರೆ ಹೊತ್ತಿಗೆ ಒಳಗೆ ನೀರು ನುಗ್ಗಿ ಹಡಗು ಮುಳುಗಿತು. ಆರೂ ಜನ ಜೊತೆಗಿದ್ದ ಸಣ್ಣ ದೋಣಿಗೆ ಇಳಿದರು. ಸುತ್ತ ನೀರು ಬಿಟ್ಟರೆ ಏನೂ ಇಲ್ಲ. ಮಧ್ಯಾಹ್ನ ಹನ್ನೆರಡೂ ಕಾಲಿಗೆ ಆ ದಾರಿಯಲ್ಲಿ ಹೋಗುತ್ತಿದ್ದ ‘ಎಪಿಕ್ ಸುಸುಯಿ’ ಎಂಬ ದೊಡ್ಡ ಹಡಗಿನವರು ದೋಣಿಯನ್ನು ಕಂಡು ಕೋಸ್ಟ್ ಗಾರ್ಡ್‌ಗೆ ತಿಳಿಸಿದರು. ಸುರತ್ಕಲ್‌ನಿಂದ ನೈರುತ್ಯಕ್ಕೆ ಸುಮಾರು 52 ನಾಟಿಕಲ್ ಮೈಲಿ, ನಮ್ಮ ಲೆಕ್ಕದಲ್ಲಿ 96 ಕಿಲೋಮೀಟರ್ ದೂರ. ಗಸ್ತಿನಲ್ಲಿದ್ದ ‘ವಿಕ್ರಂ’ ನೌಕೆ ತಿರುಗಿ ಹೋಗಿ ಆರೂ ಜನರನ್ನು ಹತ್ತಿಸಿಕೊಂಡಿತು. ಮರುದಿನ ಮಂಗಳೂರಿಗೆ ತಂದು ಬಿಟ್ಟರು.

ಸಲಾಮತ್ ಅಂದರೆ ಕ್ಷೇಮ ಅಂತ ಅರ್ಥ. ಹಡಗು ಹೋಯಿತು, ಅದರ ಹೆಸರು ಆರು ಜನರ ಮಟ್ಟಿಗೆ ಸುಳ್ಳಾಗಲಿಲ್ಲ.

ಐದೂವರೆಯಿಂದ ಹನ್ನೆರಡೂ ಕಾಲು ಅಂದರೆ ಆರೂ ಮುಕ್ಕಾಲು ಗಂಟೆ. ನಾವು ಬೆಳಗಿನ ಹಾಲು ಹಾಕಿ, ಗದ್ದೆ ಕಡೆ ಹೋಗಿ, ಊಟಕ್ಕೆ ಮನೆಗೆ ಬರುವಷ್ಟು ಹೊತ್ತು. ಅಷ್ಟು ಹೊತ್ತು ಮೇ ತಿಂಗಳ ಬಿಸಿಲಲ್ಲಿ, ನಮ್ಮ ಹರಿಗೋಲಿಗಿಂತ ಸ್ವಲ್ಪ ದೊಡ್ಡದಿರಬಹುದಾದ ದೋಣಿಯಲ್ಲಿ, ಕಡಲ ನಡುವೆ ಆರು ಜನ ಕೂತಿದ್ದರು. ಇದನ್ನು ಓದಿದ ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಸಿಮೆಂಟ್ ಹೊತ್ತ ಹಡಗಿಗೆ ನೀರು ಬಂದರೆ ಏನಾಗುತ್ತದೆ ಅಂತ ಗಾರೆ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ. ನೂರು ಟನ್ ಅಂದರೆ 50 ಕೆ.ಜಿ.ಯ 2000 ಮೂಟೆ. ಕೆಳಗಿನ ಮೂಟೆ ನೆನೆದರೆ ಭಾರ ಏರುತ್ತದೆ, ಒಡೆದ ಮೂಟೆಯ ಕೆಸರು ಪಂಪಿನ ಬಾಯಿಗೆ ಕಟ್ಟುತ್ತದೆ, ಆಳದಲ್ಲಿ ಎಲ್ಲಿ ಸಂದಿ ಬಿಟ್ಟಿದೆ ಅಂತ ಹುಡುಕಲು ಮೂಟೆ ಸರಿಸುವಷ್ಟು ಹೊತ್ತೂ ಇರುವುದಿಲ್ಲ. ಮರದ ಹಡಗು ಮುಳುಗುವುದು ಒಂದೇ ಏಟಿಗಲ್ಲ. ಮೊದಲು ಬೊಗಸೆ ನೀರು, ಆಮೇಲೆ ಬಿಂದಿಗೆ, ಆಮೇಲೆ ಕಡಲು.

ಇದು ಒಂದೇ ಅಲ್ಲ. 2024ರ ಡಿಸೆಂಬರ್ ಒಂದೇ ತಿಂಗಳಲ್ಲಿ ಗುಜರಾತಿನ ಕಡೆಯಿಂದ ಹೊರಟ ಎರಡು ಎಂ.ಎಸ್.ವಿ.ಗಳು ಅರಬ್ಬೀ ಸಮುದ್ರದಲ್ಲಿ ಮುಳುಗಿದವು. ಪೋರಬಂದರಿನಿಂದ ಇರಾನಿಗೆ ಹೊರಟಿದ್ದ ‘ಅಲ್ ಪಿರಾನ್‌ಪೀರ್’ 4ನೇ ತಾರೀಕು ಮುಳುಗಿತು, 12 ಜನ ಬದುಕಿದರು. ಅವರನ್ನು ಹುಡುಕಲು ನಮ್ಮ ಕೋಸ್ಟ್ ಗಾರ್ಡ್‌ಗೆ ಪಾಕಿಸ್ತಾನದವರೂ ಕೈಜೋಡಿಸಿದರು. ಮುಂದ್ರಾದಿಂದ ಸೊಕೋತ್ರಾ ದ್ವೀಪಕ್ಕೆ ಹೊರಟಿದ್ದ ‘ತಾಜ್ ಧಾರೆ ಹರಂ’ 26ರಂದು ಮುಳುಗಿತು, ಒಂಬತ್ತು ಜನ ಬದುಕಿದರು. ಕಷ್ಟದಲ್ಲಿ ಕಡಲಿನವರು ಗಡಿ ನೋಡುವುದಿಲ್ಲ, ಇದು ನಾವು ಕಲಿಯಬೇಕಾದ ಪಾಠ.

ದೊಡ್ಡ ಹಡಗು, ಸಣ್ಣ ಹಡಗು

ಸಲಾಮತ್ ಮುಳುಗಿ ಹನ್ನೊಂದು ದಿನಕ್ಕೆ, ಮೇ 25ರಂದು, ಕೊಚ್ಚಿಯ ಹತ್ತಿರ ‘ಎಂ.ಎಸ್.ಸಿ. ಎಲ್ಸಾ 3’ ಎಂಬ ದೊಡ್ಡ ಹಡಗು 640 ಕಂಟೇನರುಗಳ ಸಮೇತ ಮುಳುಗಿತು. ಅದರ 24 ಜನರೂ ಪುಣ್ಯಕ್ಕೆ ಬದುಕಿದರು. ಟಿ.ವಿ.ಯಲ್ಲಿ ದಿನಗಟ್ಟಲೆ ಅದೇ ಸುದ್ದಿ. ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋಯಿತು. ಕಡಲು ಕೆಟ್ಟು ಮೀನುಗಾರರಿಗೆ ಆದ ನಷ್ಟಕ್ಕೆ ಕೇಳಿದ್ದು ಸರಿಯೇ, ನಾನು ತಪ್ಪು ಅನ್ನುವುದಿಲ್ಲ.

ನನ್ನ ಮಾತು ಬೇರೆ. ದೊಡ್ಡ ಹಡಗಿಗೆ ಕಂಪನಿ ಇದೆ, ವಕೀಲರಿದ್ದಾರೆ, ಒಂದೊಂದು ಪೆಟ್ಟಿಗೆಯಲ್ಲೂ ಏನಿತ್ತು ಅಂತ ಪಟ್ಟಿ ಇದೆ. ಮುಂದೆ 900 ವರ್ಷಕ್ಕೂ ಅದರ ಕಡತ ಸಿಕ್ಕೀತು. ಸಲಾಮತ್‌ಗೆ ಸಿಕ್ಕದ್ದು ಮೂಲೆಯ ಸುದ್ದಿ. ಅದನ್ನು ಕಟ್ಟಿದ ಮೇಸ್ತ್ರಿ, ಸಂದಿಗೆ ಬತ್ತಿ ತುರುಕಿದ ಕೈ, ಅದು ದಾಟಿಸಿದ ಸಾವಿರಾರು ಮೂಟೆ ಅಕ್ಕಿ, ಇವು ಯಾವ ಪುಸ್ತಕದಲ್ಲಿ ಬರುತ್ತವೆ?

ಇನ್ನು ಆ ಸಿಮೆಂಟ್. ಕಡಮತ್ ಅಂದರೆ ಸುಮಾರು 800 ಎಕರೆಯ ದ್ವೀಪ, ನಮ್ಮ ಕಡೆಯ ಒಂದು ಮಧ್ಯಮ ಗ್ರಾಮದ ವಿಸ್ತೀರ್ಣ. 2011ರ ಜನಗಣತಿಯಲ್ಲಿ ಐದು ಸಾವಿರ ಚಿಲ್ಲರೆ ಜನ. ಹವಳದ ಮರಳು ದಿಬ್ಬ ಅದು, ಬೆಟ್ಟವಿಲ್ಲ, ಹೊಳೆಯಿಲ್ಲ. ಮಂಗಳೂರಿನಿಂದ ಸುಮಾರು 290 ಕಿಲೋಮೀಟರ್. ಮೇ ತಿಂಗಳ ಸರಕು ಅಂದರೆ ಮಳೆಗಾಲಕ್ಕೆ ಮುಂಚಿನ ಕೊನೆಯ ಸರಕು. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದಿತ್ತು. ಕಡಲು ಮುಚ್ಚಿದ ಮೇಲೆ ಮರದ ಹಡಗು ಹೊರಡುವಂತಿಲ್ಲ. ಅರ್ಧ ಕಟ್ಟಿದ ಗೋಡೆ ಮುಂದೆ ಯಾರೋ ಒಬ್ಬ ಯಜಮಾನ ಮಳೆ ನೋಡುತ್ತಾ ಕೂತಿದ್ದಿರಬೇಕು. ಮನೆ ಕಟ್ಟಿಸಿದವರಿಗೆ ಆ ಸಂಕಟ ಗೊತ್ತು.

ಸಣ್ಣ ಹಡಗು ಬೇಡ, ಎಲ್ಲ ಕಬ್ಬಿಣದ್ದೇ ಇರಲಿ ಅನ್ನುವವರಿದ್ದಾರೆ. ಜೀವಕ್ಕೆ ಅಪಾಯ ಇದ್ದರೆ ಹಾಗನ್ನುವುದರಲ್ಲಿ ನ್ಯಾಯ ಇದೆ. ಆದರೆ ಹತ್ತು ಚೀಲ ಆಲೂಗೆಡ್ಡೆ, ಎರಡು ಬಾಗಿಲು ಚೌಕಟ್ಟು ಒಯ್ಯುವವರು ಯಾರು ಅಂತ ಮೊದಲು ಗೊತ್ತು ಮಾಡಿ, ಆಮೇಲೆ ಮರದ ಹಡಗನ್ನು ಒಡೆಯಲಿ. ಇರುವವರೆಗೆ ಅದರ ತಪಾಸಣೆ ಸರಿಯಾಗಿ ಆಗಲಿ, ಅಳತೆ ಮೀರಿ ಭಾರ ಹೇರದಿರಲಿ, ಜೊತೆಗೊಂದು ಗಟ್ಟಿ ದೋಣಿ ಇರಲಿ. ಆರು ಜನರನ್ನು ಉಳಿಸಿದ್ದು ಹಡಗಿನ ಜೊತೆ ಇದ್ದ ಆ ಸಣ್ಣ ದೋಣಿಯೇ ತಾನೆ?

ಕೊನೆಯ ಮಾತು

ಸಂಚಿಕೆಗೆ ಅಂತ ನಾವು ಸಂಘದ ಹಳೇ ಕಡತ ತೆಗೆದಾಗ ಒಂದು ಬೇಸರದ ಸಂಗತಿ ಆಯಿತು. ಮೊದಲ ವರ್ಷದ ಹಾಲಿನ ಪುಸ್ತಕ ಗೆದ್ದಲು ತಿಂದು ಪುಡಿಯಾಗಿತ್ತು. ಮೊದಲ ದಿನ ಹಾಲು ತಂದವರು ಯಾರು ಯಾರು, ಎಷ್ಟು ಲೀಟರ್ ಅಂತ ಈಗ ಬರೆದ ಆಧಾರ ಇಲ್ಲ. ಹದಿನಾಲ್ಕು ಜನ ಅನ್ನುತ್ತಾರೆ ಒಬ್ಬರು, ಹದಿನೇಳು ಅನ್ನುತ್ತಾರೆ ಇನ್ನೊಬ್ಬರು. ಬರೀ ಇಪ್ಪತ್ತೈದು ವರ್ಷಕ್ಕೇ ಹೀಗೆ. ಇದರಲ್ಲಿ ನಾವು ನಿರ್ದೇಶಕರದೇ ತಪ್ಪು, ಬೇರೆಯವರ ಮೇಲೆ ಹಾಕುವುದಿಲ್ಲ.

ಅದಕ್ಕೇ ಸಮಿತಿಯಲ್ಲಿ ಒಂದು ತೀರ್ಮಾನ ಮಾಡಿದ್ದೇವೆ. ಈ ಬೆಳ್ಳಿಹಬ್ಬದ ವರ್ಷದಲ್ಲಿ ಮೊದಲ ದಿನ ಕ್ಯಾನಿಗೆ ಹಾಲು ಸುರಿದವರ ಹೆಸರನ್ನು ಮನೆ ಮನೆಗೆ ಹೋಗಿ ಕೇಳಿ ಬರೆಯುವುದು, ಇಬ್ಬರು ಹಿರಿಯರು ಹೌದು ಅಂದದ್ದನ್ನು ಮಾತ್ರ ಒಪ್ಪುವುದು, ಅದನ್ನು ಸಂಘದ ಗೋಡೆ ಮೇಲೆ ಕಲ್ಲಿನಲ್ಲಿ ಕೊರೆಸುವುದು. ಹಾಗೆಯೇ ನಮ್ಮ ಕಡವಿನ ಅಂಬಿಗನ ಹೆಸರು ಯಾರಿಗಾದರೂ, ಯಾವ ಅಜ್ಜಿಗಾದರೂ ನೆನಪಿದ್ದರೆ ದಯವಿಟ್ಟು ಡೇರಿಗೆ ಬಂದು ಹೇಳಿ. ಅವನು ಸಂಘದ ಸದಸ್ಯನಲ್ಲ, ಷೇರು ಕಟ್ಟಿದವನಲ್ಲ. ಆದರೆ ನಮ್ಮ ಮುತ್ತಜ್ಜಿಯರು ಮದುವಣಗಿತ್ತಿಯರಾಗಿ ಈ ಊರಿಗೆ ಬಂದದ್ದು ಅವನ ಹರಿಗೋಲಿನಲ್ಲಿ. ಆ ಹೆಸರನ್ನೂ ಬರೆದಿಡೋಣ.

ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿ ಓದಿಕೊಳ್ಳಬೇಕಾಗಿ ಕೋರುತ್ತೇನೆ. ಸಂಘ ಚೆನ್ನಾಗಿರಲಿ, ಎಲ್ಲರೂ ಸಲಾಮತ್ತಾಗಿರಲಿ.